ಸುಂಕ ಕಟ್ಟುವವರು ಯಾರು?

ಕೆನಡಾದ ಸರಕಿಗೆ ಅಮೆರಿಕ ಸುಂಕ ಹಾಕಿದರೆ ದುಡ್ಡು ಕೆನಡಾದವರ ಜೇಬಿನಿಂದ ತಾನೇ ಹೋಗೋದು ಅಂತ ಕೇಳಿದ್ದೀರಿ. ಅಲ್ಲ. ಕಸ್ಟಮ್ಸ್‌ನಲ್ಲಿ ಹಣ ಕಟ್ಟುವುದು ಸರಕು ತರಿಸಿಕೊಳ್ಳುವ ಅಮೆರಿಕದ ಕಂಪನಿಯೇ. ಮಾರುವವರು ಬೆಲೆ ಇಳಿಸಿದರೆ ಮಾತ್ರ ಹೊರೆ ಸ್ವಲ್ಪ ಆ ಕಡೆಗೂ ದಾಟುತ್ತದೆ.

ನೆರೆಹೊರೆಯ ದೇಶಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ಅಮೆರಿಕದ ಡೆಟ್ರಾಯಿಟ್‌ಗೂ ಕೆನಡಾದ ವಿಂಡ್ಸರ್‌ಗೂ ನಡುವೆ ಬರೀ ಒಂದು ನದಿ. ಕಾರಿನ ಬಿಡಿಭಾಗವೊಂದು ಈ ದಡದಲ್ಲಿ ಎರಕವಾಗಿ, ಆ ದಡದಲ್ಲಿ ನಯವಾಗಿ, ಜೋಡಣೆಗೆ ಮತ್ತೆ ಈಚೆ ಬರಬಹುದು. ಪ್ರತಿ ಸಲ ದಾಟುವಾಗಲೂ ಸುಂಕ ಬಿದ್ದರೆ? ನೀವೇ ಲೆಕ್ಕ ಹಾಕಿ.

2018ರ ಜೂನ್‌ನಲ್ಲಿ ಅಮೆರಿಕ ಕೆನಡಾದ ಉಕ್ಕಿಗೆ ಶೇ. 25 ಸುಂಕ ಹಾಕಿತು. ಜುಲೈಗೆ ಕೆನಡಾ ತಿರುಗೇಟು ಕೊಟ್ಟಿತು. ಉಕ್ಕು ತಯಾರಿಸುವವರಿಗಿಂತ ಉಕ್ಕು ಕೊಂಡು ದುಡಿಯುವವರೇ ಬಹಳ ಹೆಚ್ಚು. ನನಗೆ ಸಂಕಟವಾಗುವುದು ಅವರನ್ನು ನೆನೆದು. 2019ರ ಮೇನಲ್ಲಿ ಎರಡೂ ಕಡೆಯವರು ಆ ಸುಂಕಗಳನ್ನು ತೆಗೆದರು.