ಹೆಂಡತಿಗೆ ತೊಂದರೆಯೇ ಇಲ್ಲ, ಆದರೂ ಮಾತ್ರೆ ಯಾಕೆ?

ಪ್ರಶ್ನೆ: ಮುಂಬಯಿಯ ಭಾಂಡುಪ್‌ನಲ್ಲಿ ಹೋಟೆಲ್ ಕೆಲಸದಲ್ಲಿದ್ದೇನೆ. ಮೂತ್ರದಲ್ಲಿ ಉರಿ, ಕೀವು ಬಂದದ್ದಕ್ಕೆ ಆಸ್ಪತ್ರೆಯಲ್ಲಿ ಬೂದು ಬಣ್ಣದ ಪೊಟ್ಟಣದ ಮಾತ್ರೆ ಕೊಟ್ಟರು. ಹೆಂಡತಿಗೂ ಕೊಡಬೇಕಂತೆ. ಅವಳು ಕುಂದಾಪುರದ ಕಡೆ ಊರಿನಲ್ಲಿದ್ದಾಳೆ, ಹೋದ ತಿಂಗಳು ನಾನು ಊರಿಗೆ ಹೋಗಿದ್ದೆ. ಅವಳಿಗೆ ಯಾವ ತೊಂದರೆಯೂ ಇಲ್ಲ. ವಿಟಮಿನ್ ಎಂದು ಹೇಳಿ ಮಾತ್ರೆ ಕಳುಹಿಸಬಹುದೇ?

ಉತ್ತರ: ಚಿಕಿತ್ಸೆ ಅವರಿಗೆ ಬೇಕೇ ಬೇಕು. ವಿಟಮಿನ್ ಎಂಬ ಸುಳ್ಳು ಮಾತ್ರ ಬೇಡ.

ಆ ಪೊಟ್ಟಣದಲ್ಲಿ ಅಜಿತ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ ಇರುತ್ತದೆ. ಸಂಭೋಗದಿಂದ ಹರಡುವ ಗೊನೋರಿಯಾ, ಕ್ಲಾಮಿಡಿಯಾ ಎಂಬ ಸೋಂಕುಗಳೆರಡಕ್ಕೂ ಸೇರಿಸಿ ಒಂದೇ ಸಲ ನುಂಗುವ ಡೋಸ್ ಅದು. ಗಂಡಸಿಗೆ ಕೀವು, ಉರಿ ಬಂದು ಗೊತ್ತಾಗುತ್ತದೆ. ಹೆಂಗಸರಲ್ಲಿ ಸೋಂಕು ಗರ್ಭಕೊರಳಿನಲ್ಲಿ ಕೂತಿದ್ದರೂ ಹಲವರಿಗೆ ಏನೂ ತಿಳಿಯುವುದಿಲ್ಲ. ಹಾಗೆಯೇ ಮೇಲೇರಿ ಗರ್ಭನಾಳ ಹಾಳಾದರೆ ಮುಂದೆ ಮಕ್ಕಳಾಗುವುದು ಕಷ್ಟ, ನಾಳದಲ್ಲೇ ಗರ್ಭ ನಿಂತರೆ ಜೀವಕ್ಕೇ ಅಪಾಯ. ಅದಕ್ಕೇ ಲಕ್ಷಣ ಶುರುವಾಗುವ ಹಿಂದಿನ 60 ದಿನಗಳಲ್ಲಿ ನಿಮ್ಮೊಡನೆ ಲೈಂಗಿಕ ಸಂಪರ್ಕವಾದ ಎಲ್ಲರಿಗೂ ಚಿಕಿತ್ಸೆ ಆಗಬೇಕು. ಹೆಂಡತಿಯಲ್ಲದೆ ಬೇರೆ ಯಾರಾದರೂ ಇದ್ದರೆ ಅವರಿಗೂ ತಿಳಿಸಿ.

ಸುಳ್ಳು ಹೇಳಿ ಮಾತ್ರೆ ಕೊಟ್ಟರೆ ಏನಾಗುತ್ತದೆ ನೋಡಿ. ಪೆನಿಸಿಲಿನ್ ಜಾತಿಯ ಔಷಧ ಅವರಿಗೆ ಹಿಂದೆ ಅಲರ್ಜಿ ಆಗಿತ್ತೇ ಎಂದು ಕೇಳುವವರಿಲ್ಲ. ಕಿಬ್ಬೊಟ್ಟೆ ನೋವಿದ್ದರೆ ಒಂದು ಡೋಸ್ ಸಾಲದು, ಸೆಫಿಕ್ಸಿಮ್ ಜೊತೆಗೆ ಡಾಕ್ಸಿಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ಮಾತ್ರೆಗಳು 14 ದಿನ ಬೇಕು. ಗರ್ಭಿಣಿಯಾಗಿದ್ದರೆ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ. ಸಂಭೋಗದಿಂದಲೇ ಹರಡುವ ಸಿಫಿಲಿಸ್, ಎಚ್‌ಐವಿಗಳ ರಕ್ತಪರೀಕ್ಷೆಯೂ ತಪ್ಪಿಹೋಗುತ್ತದೆ. ಎಲ್ಲಕ್ಕಿಂತ ಮೊದಲು, ತನ್ನ ಮೈಗೆ ಏನಾಗಿದೆ ಎಂದು ತಿಳಿಯುವ ಹಕ್ಕು ಅವರದು.

ಹೇಳುವುದು ಸುಲಭವಲ್ಲ, ಒಪ್ಪುತ್ತೇವೆ. ಗಲಾಟೆಯಿಲ್ಲದ ಹೊತ್ತು ನೋಡಿ ಫೋನ್ ಮಾಡಿ: 'ನನಗೆ ಸೋಂಕಾಗಿದೆ, ನನ್ನಿಂದ ನಿನಗೂ ಬಂದಿರಬಹುದು, ಗುಣವಾಗುವ ಕಾಯಿಲೆ, ಡಾಕ್ಟರಿಗೆ ತೋರಿಸು.' ಮಾತ್ರೆ ಕೊಟ್ಟಲ್ಲೇ ಸಂಗಾತಿಗೆಂದು ಚೀಟಿ ಕೇಳಿ ಪಡೆದು, ಫೋಟೊ ತೆಗೆದು ಕಳುಹಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸೋಂಕುಗಳಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಅದನ್ನು ತೋರಿಸಿದರೆ ತಪಾಸಣೆ, ಔಷಧ ಎರಡೂ ಉಚಿತ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದಕ್ಕೆ ದುಡ್ಡಿಲ್ಲ.

ಹೆಚ್ಚಿನವರು ಎಡವುವುದು ದಿನದ ಲೆಕ್ಕದಲ್ಲಿ. ನೀವು ಇವತ್ತು ಮಾತ್ರೆ ನುಂಗಿ, ಅವರು ಇನ್ನೂ ನುಂಗದಿರುವಾಗ ಊರಿಗೆ ಹೋದರೆ ಸೋಂಕು ಮರಳಿ ನಿಮಗೇ ಬರುತ್ತದೆ. ಆಗ 'ಔಷಧವೇ ಸರಿಯಿಲ್ಲ' ಎಂದು ಇನ್ನೊಬ್ಬ ಡಾಕ್ಟರ ಬಳಿ ಓಡುತ್ತೀರಿ. ಇಬ್ಬರಲ್ಲಿ ಕೊನೆಗೆ ನುಂಗಿದವರ ಡೋಸ್‌ನಿಂದ 7 ದಿನ ಎಣಿಸಿ, ಅಲ್ಲಿಯವರೆಗೆ ಯಾವ ಬಗೆಯ ಸಂಭೋಗವೂ ಬೇಡ. ಮಾತ್ರೆ ನುಂಗಿ ಒಂದು ಗಂಟೆಯೊಳಗೆ ವಾಂತಿಯಾದರೆ ಮತ್ತೆ ಡೋಸ್ ಕೇಳಿ. ಅವರಿಗೂ ಚಿಕಿತ್ಸೆಯಾಗಿ, ನೀವೂ ಸಂಭೋಗವಿಲ್ಲದೆ ಇದ್ದು, ವಾರದ ಮೇಲೂ ಕೀವು ನಿಲ್ಲದಿದ್ದರೆ ಔಷಧಕ್ಕೆ ಬಗ್ಗದ ಗೊನೋರಿಯಾ ಇರಬಹುದು. ಕೀವನ್ನು ಕಲ್ಚರ್ ಪರೀಕ್ಷೆಗೆ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಕೊಡಬೇಕು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕಾಗಬಹುದು. ಮೂರು ತಿಂಗಳ ಮೇಲೆ ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ರಕ್ತದಲ್ಲಿ ಸಿಫಿಲಿಸ್ ಸಿಕ್ಕರೆ ಲೆಕ್ಕವೇ ಬೇರೆ. ಅದು ಮೈಯಲ್ಲಿ ತೋರಲು 90 ದಿನ ಹಿಡಿಯಬಹುದು. ಹಾಗಾಗಿ ಹೊಸ ಸಿಫಿಲಿಸ್ ಇದ್ದವರೊಡನೆ ಹಿಂದಿನ 90 ದಿನಗಳಲ್ಲಿ ಸಂಪರ್ಕವಾದವರ ರಿಪೋರ್ಟ್ ನೆಗೆಟಿವ್ ಬಂದರೂ ಬೆಂಜಾಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಇಂಜೆಕ್ಷನ್ ಕೊಡುತ್ತೇವೆ.

ಪ್ರಶ್ನೆ: ನನಗೆ ಬಿಳಿ ಸೆರಗಿಗೆ ಪುಣೆಯಲ್ಲಿ ಚಿಕಿತ್ಸೆಯಾಯಿತು. ಗಂಡನಿಗೂ ಮಾತ್ರೆ ಬೇಕೇ?

ಉತ್ತರ: ಕಾರಣ ಯಾವುದೆಂದು ನಿಮ್ಮ ಡಾಕ್ಟರನ್ನು ಕೇಳಿ. ಸಂಭೋಗದಿಂದ ಹರಡುವ ಟ್ರೈಕೊಮೊನಾಸ್ ಎಂಬ ರೋಗಾಣು ಆಗಿದ್ದರೆ ಗಂಡನಿಗೂ ಖಂಡಿತ ಬೇಕು, ಅವರಿಗೆ ಏನೂ ಆಗದಿದ್ದರೂ. ಮೊಸರಿನಂತೆ ಹೋಗಿ ತುರಿಸುವ ಕ್ಯಾಂಡಿಡಾ ಎಂಬ ಫಂಗಸ್ ಆಗಿದ್ದರೆ, ಶಿಶ್ನದ ತುದಿ ಕೆಂಪಾಗಿ ತುರಿಸುತ್ತಿದ್ದರೆ ಮಾತ್ರ ಅವರಿಗೆ ಔಷಧ.