ಅಳಿಸಿದ್ರೂ ಮತ್ತೆ ಹತ್ಕೊಳ್ಳೋ ಚೆಕ್ ಇಂಜಿನ್ ಲೈಟ್

ಪ್ರಶ್ನೆ: ನಮಸ್ಕಾರ ಸರ್, ನಮ್ಮದು ಸಕಲೇಶಪುರದ ಹತ್ರ ತೋಟ. 2014ರ 2.2 ಲೀಟರ್ ಡೀಸೆಲ್ ಎಸ್‌ಯುವಿ ಇದೆ, ಬಿಎಸ್ 4 ಗಾಡಿ, ಬೆಂಗಳೂರು ರಿಜಿಸ್ಟ್ರೇಷನ್ ಇದ್ದಿದ್ದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿದೆ. ಈ ಮಳೆಗಾಲ ಮುಗಿದಾಗಿಂದ ಚೆಕ್ ಇಂಜಿನ್ ಲೈಟ್ ಕಾಟ. ಊರಲ್ಲಿ ಓಡಾಡೋವಾಗ ಏನೂ ಇಲ್ಲ, ಮಂಗಳೂರಿಂದ ವಾಪಸ್ ಬರ್ತಾ ಗುಂಡ್ಯ ದಾಟಿ ಶಿರಾಡಿ ಏರು ಶುರುವಾಯ್ತು ಅಂದ್ರೆ ಲೈಟ್ ಹತ್ಕೊಳತ್ತೆ, ಗಾಡಿ ಎಳೆಯೋದೇ ಬಿಟ್ಬಿಡತ್ತೆ, ಎಷ್ಟು ಎಕ್ಸಲರೇಟರ್ ಒತ್ತಿದ್ರೂ 2500 ಆರ್‌ಪಿಎಂ ದಾಟಲ್ಲ. ಸೈಡಿಗೆ ಹಾಕಿ ಕೀ ಆಫ್ ಮಾಡಿ ಆನ್ ಮಾಡಿದ್ರೆ ಪಿಕಪ್ ಬರತ್ತೆ, ಲೈಟ್ ಮಾತ್ರ ಹಾಗೇ ಇರತ್ತೆ. ಗ್ಯಾರೇಜಲ್ಲಿ ಪಿ0299 ಅಂತ ಕೋಡ್ ಬಂತು, ಏರ್ ಫ್ಲೋ ಸೆನ್ಸರ್ ಹೊಸದು ಹಾಕಿದ್ರು, ಹೊಗೆಯಲ್ಲಿ ಸ್ವಲ್ಪವನ್ನ ಮತ್ತೆ ಇಂಜಿನ್‌ಗೇ ಕಳಿಸೋ ಇಜಿಆರ್ ಬಿಚ್ಚಿ ತೊಳೆದ್ರು, ಕೋಡ್ ಅಳಿಸಿ ಕೊಟ್ರು, ಮುಂದಿನ ಸಲ ಘಾಟಿಯಲ್ಲಿ ಮತ್ತೆ ಅದೇ ಕಥೆ. ಈಗ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಹೋಗಿದೆ, ಹೊಸದೇ ಹಾಕ್ಬೇಕು ಅಂತಿದಾರೆ. ಹಾಕಿಸ್ಲಾ ಸರ್?

ಉತ್ತರ: ಬೇಡ, ಈಗ್ಲೇ ಬೇಡ. ಟರ್ಬೊ ಹೋಗಿರಬಾರದು ಅಂತೇನಿಲ್ಲ, ಆದ್ರೆ ನೀವು ಬರೆದಿರೋದ್ರಲ್ಲಿ ಟರ್ಬೊ ಹೋಗಿದೆ ಅಂತ ಯಾರೂ ಟೆಸ್ಟ್ ಮಾಡಿ ನೋಡಿದ ಹಾಗೆ ಕಾಣ್ತಿಲ್ಲ, ಕೋಡ್ ನೋಡಿ ಒಂದೊಂದೇ ಪಾರ್ಟ್ ಬದಲಾಯಿಸ್ತಾ ಬಂದಿದಾರೆ ಅಷ್ಟೇ. ಪಿ0299 ಅಂದ್ರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕೇಳಿದಷ್ಟು ಗಾಳಿಯ ಒತ್ತಡ, ಅಂದ್ರೆ ಬೂಸ್ಟ್, ಇಂಜಿನ್‌ಗೆ ಸಿಗ್ತಿಲ್ಲ ಅಂತ ಮಾತ್ರ. ಯಾಕೆ ಸಿಗ್ತಿಲ್ಲ ಅನ್ನೋದನ್ನ ಆ ಕೋಡ್ ಹೇಳಲ್ಲ. ಟರ್ಬೊದಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ನ ಹೋಸ್ ಸೀಳಿರಬಹುದು, ಟರ್ಬೊ ನಿಯಂತ್ರಿಸೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು, ಅದರ ಸೊಲೆನಾಯ್ಡ್ (ಕರೆಂಟಲ್ಲಿ ನಡೆಯೋ ವಾಲ್ವ್) ಕೆಟ್ಟಿರಬಹುದು, ಬೂಸ್ಟ್ ಅಳೆಯೋ ಮ್ಯಾಪ್ ಸೆನ್ಸರ್ ಮೇಲೆ ಮಸಿ ಕೂತಿರಬಹುದು, ಏರ್ ಫಿಲ್ಟರ್ ಕಟ್ಕೊಂಡಿರಬಹುದು. ಟರ್ಬೊ ಈ ಸಾಲಲ್ಲಿ ಕೊನೆಗೆ ಬರಬೇಕು, ಯಾಕಂದ್ರೆ ಹೋಸ್ ಸಾವಿರಗಳ ಲೆಕ್ಕ, ಟರ್ಬೊ ಹತ್ತಾರು ಸಾವಿರದ ಲೆಕ್ಕ.

ಘಾಟಿಯಲ್ಲೇ ಯಾಕೆ ಬರತ್ತೆ ಅನ್ನೋದು ನಿಮ್ಮ ಪತ್ರದಲ್ಲಿ ನನಗೆ ಸಿಕ್ಕಿದ ದೊಡ್ಡ ಸುಳಿವು. ಸಮತಟ್ಟು ರಸ್ತೆಯಲ್ಲಿ ಇಂಜಿನ್ ಹೆಚ್ಚು ಬೂಸ್ಟ್ ಕೇಳೋದೇ ಇಲ್ಲ, ಏರಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಕೇಳತ್ತೆ, ಆಗ ಹೋಸ್ ಒಳಗೆ ಒತ್ತಡ ಏರಿ ಅಲ್ಲಿವರೆಗೂ ಮುಚ್ಕೊಂಡಿದ್ದ ಸೀಳು ಬಾಯಿ ಬಿಡತ್ತೆ, ಗಾಳಿ ಹೊರಗೆ ಹೋಗತ್ತೆ, ಇಸಿಯು ಲೆಕ್ಕ ತಪ್ಪಿತು ಅಂತ ಡೀಸೆಲ್ ಕಡಿಮೆ ಮಾಡಿ ಇಂಜಿನ್ ಕಾಪಾಡೋಕೆ ಪವರ್ ಕಡಿಮೆ ಮಾಡೋ ಲಿಂಪ್ ಮೋಡಿಗೆ ಹಾಕತ್ತೆ. ಕೀ ಆಫ್ ಮಾಡಿದ್ರೆ ಲಿಂಪ್ ಮೋಡ್ ಹೋಗತ್ತೆ, ಕೋಡ್ ಮೆಮರಿಯಲ್ಲಿ ಉಳಿಯತ್ತೆ. ಸಾಮಾನ್ಯವಾಗಿ ಸತತ ಮೂರು ಡ್ರೈವ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡೋದು ಒಂದು ಸೈಕಲ್) ತೊಂದ್ರೆ ಕಾಣದಿದ್ರೆ ಮಾತ್ರ ಲೈಟ್ ತಾನಾಗೇ ಆರತ್ತೆ.

ಮೊದಲು ಮಾಡ್ಬೇಕಾಗಿದ್ದು, ಇನ್ಮೇಲೆ ಯಾರಿಗೂ ಕೋಡ್ ಸುಮ್ನೆ ಅಳಿಸೋಕೆ ಬಿಡಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರತ್ತೆ, ಲೈಟ್ ಬಂದ ಆ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಸ್ಪೀಡ್ ಎಷ್ಟಿತ್ತು, ಇಂಜಿನ್ ಲೋಡ್ ಎಷ್ಟು, ಕೂಲೆಂಟ್ ಎಷ್ಟು ಬಿಸಿ ಇತ್ತು ಅಂತ ಎಲ್ಲ ಅಲ್ಲಿ ಬರೆದಿಟ್ಟಿರತ್ತೆ, ಅಳಿಸಿದ್ರೆ ಅದೂ ಹೋಯ್ತು. ಅದನ್ನ ಫೋಟೋ ತೆಗೆದಿಟ್ಕೊಳ್ಳಿ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರತ್ತೆ, ಅದಕ್ಕೆ ಹಾಕೋ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕಡಿಮೆ ದುಡ್ಡಿಗೇ ಸಿಗತ್ತೆ, ಹಳೇ ಗಾಡಿ ಇಟ್ಕೊಂಡಿರೋರ ಮನೇಲಿ ಅದೊಂದು ಇರಲೇಬೇಕು ಅಂತ ನಾನು ಖಂಡಿತ ಹೇಳ್ತೀನಿ.

ಸ್ಕ್ಯಾನರ್ ಸಿಕ್ಕಿದ್ಮೇಲೆ ಮನೆ ಅಂಗಳದಲ್ಲೇ ಮಾಡೋ ಒಂದು ಟೆಸ್ಟ್ ಇದೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಮ್ಯಾಪ್ ರೀಡಿಂಗ್ ನೋಡಿ. ಇಂಜಿನ್ ನಿಂತಿರೋವಾಗ ಅದು ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಮಂಗಳೂರಲ್ಲಾದ್ರೆ ಸುಮಾರು 101 ಕಿಲೋಪ್ಯಾಸ್ಕಲ್, ನಿಮ್ಮ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿರೋದ್ರಿಂದ ಅಲ್ಲಿ ಸುಮಾರು 90. ಒಂದೆರಡು ಆಚೀಚೆ ಆದ್ರೆ ಪರವಾಗಿಲ್ಲ. ಅಲ್ಲಿ ನಿಂತು 105 ತೋರಿಸಿದ್ರೆ ಅಥವಾ 75 ತೋರಿಸಿದ್ರೆ ಸೆನ್ಸರ್ರೋ ಅದರ ವೈರಿಂಗೋ ಸುಳ್ಳು ಹೇಳ್ತಿದೆ, ಟರ್ಬೊ ತಂಟೆಗೆ ಹೋಗೋದೇ ಬೇಡ. ಸರಿ ಇದ್ರೆ ಮುಂದಕ್ಕೆ ಹೋಗಿ.

ಮುಂದಕ್ಕೆ ಅಂದ್ರೆ ಹೋಸ್. ಗಾಡಿ ತಣ್ಣಗಿರೋವಾಗ ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗೋ ದಪ್ಪ ರಬ್ಬರ್ ಹೋಸ್‌ಗಳನ್ನ ಕೈ ಹಾಕಿ ತಡವಿ ನೋಡಿ, ಮೇಲಿಂದ ಕಣ್ಣಲ್ಲಿ ನೋಡಿದ್ರೆ ಸಾಲಲ್ಲ. ಸೀಳು ಸಾಮಾನ್ಯವಾಗಿ ಹೋಸಿನ ಕೆಳಬದಿಗೆ, ಬ್ರಾಕೆಟ್‌ಗೆ ಉಜ್ಜೋ ಕಡೆ ಇಲ್ಲಾ ಕ್ಲಿಪ್ಪಿನ ಅಂಚಲ್ಲಿ ಇರತ್ತೆ. ಹೊರಗಿನ ಬಟ್ಟೆ ಪದರ ಚೆನ್ನಾಗೇ ಕಾಣ್ತಿರತ್ತೆ, ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿದಾಗ ಮಾತ್ರ ಗೆರೆ ಹಾಗೆ ಬಾಯಿ ತೆರೆಯತ್ತೆ. ಹೋಸ್ ಒಳಗೆ ಸ್ವಲ್ಪ ಆಯಿಲ್ ಜಿಡ್ಡು ಇರೋದು ಸಹಜ, ಆದ್ರೆ ಹೊರಗೆ ಒಂದೇ ಜಾಗದಲ್ಲಿ ಆಯಿಲ್ ಒಸರಿ ಅದರ ಮೇಲೆ ಧೂಳು ಕೂತು ಕರ್ರಗೆ ಮೆತ್ಕೊಂಡಿದ್ರೆ ಅಲ್ಲೇ ಹುಡುಕಿ. ಏರಲ್ಲಿ ಹುಸ್ ಅಂತ ಸದ್ದು, ಹಿಂದೆ ಕಪ್ಪು ಹೊಗೆ, ಇವೆರಡೂ ಇದ್ರೆ ಅನುಮಾನ ಇನ್ನೂ ಗಟ್ಟಿ. ಕಣ್ಣಿಗೆ ಕೈಗೆ ಸಿಗಲಿಲ್ಲ ಅಂದ್ರೆ ಮೆಕಾನಿಕ್ ಹತ್ರ ಟರ್ಬೊ ಬಾಯಿ ಮುಚ್ಚಿಸಿ ರೆಗ್ಯುಲೇಟರ್ ಇಟ್ಟು ಒಂದು ಬಾರ್ ಮೀರದ ಹಾಗೆ ಗಾಳಿ ಬಿಟ್ಟು ಸೋಪಿನ ನೀರು ಹಾಕಿಸಿ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕೋ ಹಾಗೆ ಗುಳ್ಳೆ ಬಂದ ಕಡೆ ಲೀಕ್.

ಹೋಸ್ ಚೆನ್ನಾಗಿದ್ರೆ ವ್ಯಾಕ್ಯೂಮ್ ಕಡೆ ನೋಡಿ. ನಿಮ್ಮ ಗಾಡಿಯ ಟರ್ಬೊ ವ್ಯಾಕ್ಯೂಮಲ್ಲಿ ನಡೆಯೋದಾಗಿದ್ರೆ ಪಕ್ಕದಲ್ಲೇ ಡಬ್ಬಿ ತರ ಆಕ್ಚುಯೇಟರ್, ಅದರಿಂದ ಹೊರಡೋ ಒಂದು ಸಣ್ಣ ರಾಡ್ ಕಾಣತ್ತೆ. ಒಬ್ಬರು ಸ್ಟಾರ್ಟ್ ಮಾಡ್ಲಿ, ಇನ್ನೊಬ್ಬರು ರಾಡ್ ನೋಡ್ಲಿ. ಸ್ಟಾರ್ಟ್ ಆದ ತಕ್ಷಣ ಎಳ್ಕೋಬೇಕು, ಆಫ್ ಮಾಡಿದಾಗ ವಾಪಸ್ ಬರಬೇಕು. ಅಲ್ಲಾಡ್ಲೇ ಇಲ್ಲ ಅಂದ್ರೆ ಮೊದಲು ಅದಕ್ಕೆ ಹೋಗೋ ಸಣ್ಣ ರಬ್ಬರ್ ಪೈಪ್ ನೋಡಿ, ಇಂಜಿನ್ ಬಿಸಿಗೆ ಅದರ ತುದಿ ಗಟ್ಟಿಯಾಗಿ ಬಿರುಕು ಬಿಡತ್ತೆ. ಮಲೆನಾಡಲ್ಲಿ ಇನ್ನೊಂದು ಸೇರಿಸ್ತೀನಿ, ಮಳೆಗಾಲ ಆದ್ಮೇಲೆ ಶುರುವಾಯ್ತು ಅಂದಿದೀರಿ, ಅಡಿಕೆ ಕಾಫಿ ಇಡೋ ಶೆಡ್ಡಲ್ಲೇ ಗಾಡಿ ನಿಲ್ಸೋದಾದ್ರೆ ಇಲಿ ಈ ಪೈಪು ವೈರು ಎರಡನ್ನೂ ಕಡಿಯತ್ತೆ, ಸೊಲೆನಾಯ್ಡಿನ ಕನೆಕ್ಟರ್ ಬಿಚ್ಚಿ ಪಿನ್ ಮೇಲೆ ಹಸಿರು ಕಿಲುಬು ಇದೆಯಾ ಅಂತನೂ ನೋಡ್ಬಿಡಿ. ಎಲೆಕ್ಟ್ರಿಕ್ ಆಕ್ಚುಯೇಟರ್ ಇದ್ರೆ ಈ ಟೆಸ್ಟ್ ನಡೆಯಲ್ಲ, ಕಂಪನಿ ಸ್ಕ್ಯಾನರಲ್ಲೇ ಓಡಿಸಿ ನೋಡ್ಬೇಕು.

ಇಷ್ಟೂ ಸರಿ ಇದ್ರೆ ಟರ್ಬೊ ಮುಟ್ಟಿ. ಆಗಲೂ ಹೊಸದೇ ಬೇಕು ಅಂತಿಲ್ಲ, ಒಳಗಿನ ವೇನ್‌ಗಳು (ಹೊಗೆಯ ಹರಿವು ತಿರುಗಿಸೋ ಸಣ್ಣ ಪಟ್ಟಿಗಳು) ಮಸಿ ಹಿಡಿದು ಅಂಟ್ಕೊಂಡಿದ್ರೆ ಟರ್ಬೊ ಕೆಲಸ ಗೊತ್ತಿರೋರು ಬಿಚ್ಚಿ ಕ್ಲೀನ್ ಮಾಡ್ತಾರೆ. ಶಾಫ್ಟ್ ಹಿಡಿದು ನೋಡ್ಲಿ, ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರೋದು ಸಹಜ, ಒಳಕ್ಕೆ ಹೊರಕ್ಕೆ ಕೈಗೆ ಗೊತ್ತಾಗೋಷ್ಟು ಅಲ್ಲಾಡಿದ್ರೆ ಇಲ್ಲಾ ರೆಕ್ಕೆ ಗೋಡೆಗೆ ತಾಗಿ ಗೀರಿದ್ರೆ ಆಗ ಟರ್ಬೊ ಹೋಗಿದೆ ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು, ಆ ಸಾಕ್ಷಿ ಕೇಳೋ ಹಕ್ಕು ದುಡ್ಡು ಕೊಡೋ ನಿಮಗಿದೆ. ಇದರ ಮಧ್ಯೆ ಯಾರಾದ್ರೂ ಇಜಿಆರ್‌ಗೆ ತಗಡು ಹಾಕಿ ಮುಚ್ಚಿಬಿಡೋಣ ಅಂದ್ರೆ ಒಪ್ಪಬೇಡಿ, ಹೊಗೆಯಲ್ಲಿ ವಿಷ ಜಾಸ್ತಿ ಆಗತ್ತೆ, ಇಜಿಆರ್ ಹರಿವು ಸಾಲದು ಅಂತ ಪಿ0401 ಬಂದು ಲೈಟ್ ಮತ್ತೆ ಹತ್ತತ್ತೆ.

ಪ್ರಶ್ನೆ: ನಮ್ಮ ಹಳೇ ಪೆಟ್ರೋಲ್ ಎಸ್‌ಯುವಿಯಲ್ಲಿ ಲೈಟ್ ಸುಮ್ನೆ ಉರಿಯಲ್ಲ, ಮಿಟುಕತ್ತೆ, ಇಂಜಿನ್ ನಡುಗತ್ತೆ. ಕೋಡ್ ಪಿ0303. ಹೀಗೇ ಓಡಿಸಬಹುದಾ?

ಉತ್ತರ: ಓಡಿಸಬೇಡಿ. ಮಿಟುಕೋ ಲೈಟ್ ಅಂದ್ರೆ ಮಿಸ್‌ಫೈರ್, ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸಿಬಿಡಬಹುದು. 303 ಅಂದ್ರೆ ಮೂರನೇ ಸಿಲಿಂಡರ್. ಪ್ರತಿ ಸಿಲಿಂಡರ್‌ಗೂ ಸ್ಪಾರ್ಕ್‌ಗೆ ಕರೆಂಟ್ ಕೊಡೋ ಕಾಯಿಲ್ ಬೇರೆ ಬೇರೆ ಇದ್ರೆ ಮೂರನೇದನ್ನ ಒಂದಕ್ಕೆ, ಒಂದರದ್ದನ್ನ ಮೂರಕ್ಕೆ ಹಾಕಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಕೋಡ್ ಪಿ0301ಕ್ಕೆ ಬದಲಾದ್ರೆ ಕಾಯಿಲ್ ಕೆಟ್ಟಿದೆ. ಮೂರಲ್ಲೇ ಉಳಿದ್ರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಿದೀನಿ, ಲೈಟ್ ಇಲ್ಲ. ಆದ್ರೂ ಏನಾದ್ರೂ ಮುಚ್ಚಿಟ್ಟಿರಬಹುದಾ?

ಉತ್ತರ: ಇಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಕೀ ಆನ್ ಮಾಡಿ ನೋಡಿ, ಆಗ ಆ ಹಳದಿ ಲೈಟ್ ಬರಲೇಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಬರಲೇ ಇಲ್ಲ ಅಂದ್ರೆ ಬಲ್ಬ್ ಹೋಗಿದೆ ಇಲ್ಲಾ ಯಾರೋ ತೆಗೆದಿದಾರೆ. ಅದು ಸರಿ ಇದ್ರೆ ಸ್ಕ್ಯಾನರ್ ಹಾಕಿ, ಗಾಡಿ ತನ್ನ ಟೆಸ್ಟ್‌ಗಳನ್ನ ತಾನೇ ಮಾಡಿ ಮುಗಿಸಿದೆಯಾ ಅಂತ ಹೇಳೋ ರೆಡಿನೆಸ್ ಮಾನಿಟರ್ ನೋಡಿ, ತುಂಬಾ ಕಡೆ ನಾಟ್ ರೆಡಿ ಅಂತಿದ್ರೆ ಇತ್ತೀಚೆಗೆ ಕೋಡ್ ಅಳಿಸಿದಾರೆ ಅಥವಾ ಬ್ಯಾಟರಿ ಬಿಚ್ಚಿದಾರೆ. ಬ್ಯಾಟರಿ ಹೊಸದು ಹಾಕ್ಸಿದ್ವಿ ಅಂದ್ರೆ ಬಿಲ್ ತೋರಿಸಿ ಅನ್ನಿ, ಏನೇ ಆಗ್ಲಿ ಕೆಲವು ದಿನ ಮಾಮೂಲಿ ಓಡಾಟ ಆದ್ಮೇಲೆ ಮತ್ತೆ ಸ್ಕ್ಯಾನ್ ಮಾಡೋಕೆ ಬರ್ತೀನಿ ಅಂತ ಹೇಳಿ, ಅಲ್ಲಿವರೆಗೂ ಅಡ್ವಾನ್ಸ್ ಕೊಡಬೇಡಿ.