ಇಂಡೆಕ್ಸ್ ವಿಡಿಯೋಗೆ ವ್ಯೂಸ್ ಯಾಕೆ ಬರ್ಲಿಲ್ಲ?

ಪ್ರಶ್ನೆ: ಮೇಡಂ, ನಮಸ್ತೆ. ನಾನು ದಾವಣಗೆರೆಯವನು, ಡಿಪ್ಲೊಮಾ ಕಾಲೇಜಲ್ಲಿ ಪಾಠ ಮಾಡ್ತೀನಿ. ಯೂಟ್ಯೂಬಲ್ಲಿ ಕನ್ನಡದಲ್ಲೇ ಎಸ್‌ಕ್ಯೂಎಲ್ (ಡೇಟಾಬೇಸಿಂದ ಮಾಹಿತಿ ಕೇಳೋ ಭಾಷೆ) ಹೇಳ್ಕೊಡೋ ಚಾನೆಲ್ ಇದೆ. ಸೆಲೆಕ್ಟಿಂದ ಶುರು ಮಾಡಿ ಜಾಯಿನ್, ಗ್ರೂಪ್ ಬೈ, ಸಬ್‌ಕ್ವೆರಿವರೆಗೂ ಮುಗಿಸಿದೀನಿ, ಜನ ಚೆನ್ನಾಗೇ ನೋಡಿದ್ರು, ಈಗ ಸಬ್‌ಸ್ಕ್ರೈಬರ್ಸ್ ಸಂಖ್ಯೆ ನಿಂತಲ್ಲೇ ನಿಂತಿದೆ. ಕಮೆಂಟಲ್ಲಿ ಎಲ್ರೂ 'ಅಡ್ವಾನ್ಸ್ಡ್ ಮಾಡಿ ಸರ್' ಅಂತಾರೆ ಅಂತ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿ ಥರ, ಟೇಬಲಲ್ಲಿ ಬೇಗ ಹುಡುಕೋಕೆ ಇರೋದು) ಬಗ್ಗೆ ವಿಡಿಯೋ ಹಾಕಿದ್ರೆ ಜಾಯಿನ್ ವಿಡಿಯೋಗೆ ಬಂದಿದ್ರಲ್ಲಿ ಕಾಲು ಭಾಗನೂ ವ್ಯೂಸ್ ಬರ್ಲಿಲ್ಲ. ಇಂಗ್ಲಿಷಿಗೆ ಹೋಗ್ಲಾ, ಇಲ್ಲ ಡೇಟಾಬೇಸ್ ಬಿಟ್ಟು ಪೈಥಾನ್ ಗೀಥಾನ್ ಶುರು ಮಾಡ್ಲಾ?

ಉತ್ತರ: ಎರಡೂ ಬೇಡ ಸರ್. ಮೊದಲು ಆ 'ಅಡ್ವಾನ್ಸ್ಡ್ ಮಾಡಿ' ಅನ್ನೋರು ಯಾರು ಅಂತ ನೋಡಿ. ಅದ್ರಲ್ಲಿ ಫೈನಲ್ ಇಯರ್ ಹುಡುಗರು ಇರ್ತಾರೆ, ಅವ್ರಿಗೆ ಅಡ್ವಾನ್ಸ್ಡ್ ಅಂದ್ರೆ ಇಂಟರ್‌ವ್ಯೂಲಿ ಕೇಳೋ 'ಎರಡನೇ ಅತಿ ಹೆಚ್ಚು ಸಂಬಳ ಯಾರದು' ಅನ್ನೋ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ), ವಿಂಡೋ ಫಂಕ್ಷನ್, ಅಷ್ಟೇ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದೋರಿಗೆ ಅಡ್ವಾನ್ಸ್ಡ್ ಅಂದ್ರೆ 'ನನ್ ರಿಪೋರ್ಟ್ ಯಾಕಿಷ್ಟು ಸ್ಲೋ, ಮ್ಯಾನೇಜರ್ ಬೈತಿದಾರೆ' ಅನ್ನೋದು. ಇನ್ನು ಡಿಬಿಎ, ಅಂದ್ರೆ ಡೇಟಾಬೇಸ್ ನೋಡ್ಕೊಳ್ಳೋ ಕೆಲಸದ ಮೇಲೆ ಕಣ್ಣಿಟ್ಟಿರೋರಿಗೆ ಬ್ಯಾಕಪ್, ರೆಪ್ಲಿಕೇಶನ್ (ಇನ್ನೊಂದು ಸರ್ವರಲ್ಲೂ ಅದೇ ಡೇಟಾ ಇಡೋದು) ಬೇಕು. ಇವರೆಲ್ಲ ಒಂದೇ ಕ್ಲಾಸ್ ಅಲ್ಲ. ನಿಮ್ಮ ಇಂಡೆಕ್ಸ್ ವಿಡಿಯೋ, ನಾನು ಊಹಿಸೋ ಪ್ರಕಾರ, 'ಇಂಡೆಕ್ಸ್ ಅಂದ್ರೇನು, ಎಷ್ಟು ವಿಧ' ಅಂತ ಶುರುವಾಗಿರತ್ತೆ. ಅದು ಪರೀಕ್ಷೆ ಉತ್ತರ. ಆಫೀಸಲ್ಲಿ ಸಿಕ್ಕಾಕೊಂಡೋನು ಹಾಗೆ ಸರ್ಚ್ ಮಾಡಲ್ಲ, ಅವ್ನು 'ಇಂಡೆಕ್ಸ್ ಹಾಕಿದ್ರೂ ಕ್ವೆರಿ ಯಾಕೆ ಸ್ಲೋ' ಅಂತ ಟೈಪ್ ಮಾಡ್ತಾನೆ. ಟೈಟಲ್ಲೂ ಅದೇ ಇರ್ಲಿ, ವಿಡಿಯೋದ ಮೊದಲ ನಿಮಿಷಾನೂ ಅದೇ ಇರ್ಲಿ.

ಇನ್ನೊಂದು, ಜಾಯಿನ್ ವಿಡಿಯೋ ಜೊತೆ ಹೋಲಿಸಿ ಬೇಜಾರಾಗ್ಬೇಡಿ. ಜಾಯಿನ್ ಪ್ರತಿ ವರ್ಷ ಪ್ರತಿ ಕಾಲೇಜಲ್ಲೂ ಬೇಕು, ಡೆಡ್‌ಲಾಕ್ (ಇಬ್ರು ಒಬ್ರಿಗೊಬ್ರು ಕಾಯ್ತಾ ಸಿಕ್ಕಾಕೊಳ್ಳೋದು) ಬೇಕಾಗೋ ಜನ ಕಮ್ಮಿ. ಆದ್ರೆ ಆ ಕಮ್ಮಿ ಜನ ಪೂರ್ತಿ ನೋಡ್ತಾರೆ, ಟೀಮ್ ಗ್ರೂಪಲ್ಲಿ ಲಿಂಕ್ ಹಾಕ್ತಾರೆ, ಫೀಸ್ ಕೊಡೋರೂ ಅವ್ರೇ. ಬೇಸಿಕ್ಸ್ ನಿಲ್ಲಿಸ್ಬೇಡಿ, ಅದು ಬಾಗಿಲು, ಹೊಸಬ್ರು ಅಲ್ಲಿಂದ್ಲೇ ಬರ್ತಾರೆ.

ಎಲ್ಲಿಂದ ಶುರು ಅಂದ್ರೆ ಸ್ಲೋ ಕ್ವೆರಿಯಿಂದ. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ತಗೊಳ್ಳಿ, ಫ್ರೀ, ಹುಡುಗರ ಲ್ಯಾಪ್‌ಟಾಪಲ್ಲೂ ಓಡತ್ತೆ. ಅದ್ರಲ್ಲಿ ಜನರೇಟ್ ಸೀರೀಸ್ ಅನ್ನೋ ಫಂಕ್ಷನ್ ಇದೆ, ಒಂದೇ ಸಾಲಲ್ಲಿ 50 ಲಕ್ಷ ರೋ ಇರೋ ಟೇಬಲ್ ಎಬ್ಬಿಸ್ಬಹುದು. ಹತ್ತು ಎಂಪ್ಲಾಯಿ ಇರೋ ಟೇಬಲ್ ಮೇಲೆ ಇಂಡೆಕ್ಸ್ ಪಾಠ ಮಾಡಿದ್ರೆ ಯಾರಿಗೂ ವ್ಯತ್ಯಾಸಾನೇ ಕಾಣಲ್ಲ, ಪೋಸ್ಟ್‌ಗ್ರೆಸ್ಸೂ ಅಂಥ ಟೇಬಲಲ್ಲಿ ಇಂಡೆಕ್ಸ್ ಮುಟ್ಟದೆ ಸೀದಾ ಟೇಬಲನ್ನೇ ಓದ್ಕೊಂಡು ಹೋಗತ್ತೆ! ದೊಡ್ಡ ಟೇಬಲ್ ಮೇಲೆ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಹೇಗೆ ಓಡ್ತು ಅನ್ನೋ ಪ್ಲ್ಯಾನ್ ತೋರ್ಸೋ ಕಮಾಂಡ್) ಓಡ್ಸಿ, ಟೈಮ್ ತೋರ್ಸಿ, ಇಂಡೆಕ್ಸ್ ಹಾಕಿ, ಮತ್ತೆ ಓಡ್ಸಿ. ಇದು ಎಲ್ರೂ ಮಾಡ್ತಾರೆ. ನೀವು ಇಲ್ಲಿಗೆ ನಿಲ್ಲಿಸ್ದೆ ಇಂಡೆಕ್ಸ್ ಕೈ ಕೊಡೋ ಜಾಗ ತೋರ್ಸಿ: ಹೆಸರಿನ ಕೊನೇಲಿ 'ಗೌಡ' ಇರೋರನ್ನ ಹುಡುಕು ಅಂತ ಮುಂದೆ ಪರ್ಸೆಂಟ್ ಗುರುತು ಹಾಕಿ ಲೈಕ್ ಬರೆದ್ರೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಕೆಲಸಕ್ಕೆ ಬರಲ್ಲ, ಕಾಲಂಗೆ ಲೋಯರ್ (ಸಣ್ಣಕ್ಷರ ಮಾಡೋ) ಫಂಕ್ಷನ್ ಸುತ್ತಿದ್ರೂ ಬರಲ್ಲ, ರಾಜ್ಯದ ಕಾಲಮಲ್ಲಿ ಎಲ್ಲಾ ರೋನೂ ಕರ್ನಾಟಕ ಅಂತಾನೇ ಇದ್ರೂ ಬರಲ್ಲ. ಯಾಕೆ ಬರಲ್ಲ ಅಂತ ಪ್ಲ್ಯಾನ್ ಓದಿ ಹೇಳೋದೇ ಅಡ್ವಾನ್ಸ್ಡ್ ಪಾಠ.

ಆಮೇಲೆ ಟ್ರಾನ್ಸಾಕ್ಷನ್, ಅಂದ್ರೆ ಆದ್ರೆ ಪೂರ್ತಿ ಆಗ್ಬೇಕು, ಇಲ್ಲಾಂದ್ರೆ ಏನೂ ಆಗ್ಬಾರ್ದು ಅನ್ನೋ ಕೆಲಸಗಳ ಗುಂಪು. ಇದನ್ನ ಸ್ಲೈಡಲ್ಲಿ ಹೇಳಿದ್ರೆ ನಿದ್ದೆ ಬರತ್ತೆ, ಆಸಿಡ್ (ACID) ಅಂತ ಟ್ರಾನ್ಸಾಕ್ಷನ್ನಿನ ನಾಲ್ಕು ಗುಣಗಳ ಮೊದಲಕ್ಷರ ಬಿಡಿಸಿ ಹೇಳೋದು ದಯವಿಟ್ಟು ಬೇಡ. ಸ್ಕ್ರೀನಲ್ಲಿ ಎರಡು ಟರ್ಮಿನಲ್ ಅಕ್ಕಪಕ್ಕ ಇಡಿ. ಬೆಳಿಗ್ಗೆ 10ಕ್ಕೆ ಎಸಿ ತತ್ಕಾಲ್ ತೆಗೆಯುತ್ತೆ ಅಂದ್ಕೊಳ್ಳಿ, ಒಂದೇ ಬರ್ತ್ ಇಬ್ರಿಗೂ ಖಾಲಿ ಅಂತ ಕಾಣ್ತಿದೆ, ಇಬ್ರೂ ಬುಕ್ ಒತ್ತಿದ್ರು, ಏನಾಗತ್ತೆ? ಲಾಕ್ ಇಲ್ದೆ ಒಂದ್ಸಲ ತೋರ್ಸಿ, ಆ ರೋನ ಲಾಕ್ ಮಾಡೋ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಒಂದ್ಸಲ ತೋರ್ಸಿ, ಎರಡನೇ ವಿಂಡೋ ಕಾಯ್ತಾ ಕೂರೋದು ಕಣ್ಣಿಗೇ ಕಾಣತ್ತೆ. ನಂತರ ರಮೇಶನ ಅಕೌಂಟಿಂದ ಸುರೇಶನಿಗೆ ಒಂದು ವಿಂಡೋಲಿ, ಸುರೇಶನಿಂದ ರಮೇಶನಿಗೆ ಇನ್ನೊಂದು ವಿಂಡೋಲಿ ದುಡ್ಡು ಕಳ್ಸಿ ಡೆಡ್‌ಲಾಕ್ ಮಾಡ್ಸಿ. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ 1 ಸೆಕೆಂಡ್ ಕಾದು, ಡೆಡ್‌ಲಾಕ್ ಅಂತ ಗೊತ್ತಾದ್ರೆ ಇಬ್ರಲ್ಲಿ ಒಬ್ರನ್ನ ಹೊರಗೆ ಹಾಕತ್ತೆ. ಐಸೋಲೇಶನ್ ಲೆವೆಲ್ಲೂ (ಒಬ್ರ ಬದಲಾವಣೆ ಇನ್ನೊಬ್ರಿಗೆ ಯಾವಾಗ ಕಾಣ್ಬೇಕು ಅನ್ನೋ ನಿಯಮ) ಇಲ್ಲೇ ಬರತ್ತೆ, ಪೋಸ್ಟ್‌ಗ್ರೆಸ್ ಡೀಫಾಲ್ಟ್ ರೀಡ್ ಕಮಿಟೆಡ್, ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸಿನ ಇನ್ನೊಡಿಬಿ ಎಂಜಿನ್ನಿಂದು ರಿಪೀಟಬಲ್ ರೀಡ್, ಒಂದ್ರಿಂದ ಇನ್ನೊಂದಕ್ಕೆ ಅಪ್ಲಿಕೇಶನ್ ಸಾಗಿಸಿದೋರಿಗೆ ಇದ್ರಿಂದ ಎಂಥ ತಲೆನೋವು ಬರತ್ತೆ ಅಂತ ಅವ್ರನ್ನೇ ಕೇಳ್ಬೇಕು.

ಬ್ಯಾಕಪ್ ಪಾಠಕ್ಕೆ ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್ ಕಥೆಗಿಂತ ಬೇರೆ ಬೇಡ. 2017ರ ಜನವರಿ 31, ಒಬ್ಬ ಎಂಜಿನಿಯರ್ ಸೆಕೆಂಡರಿ (ನಕಲು) ಸರ್ವರ್ ಅಂದ್ಕೊಂಡು ಪ್ರೈಮರಿ (ಅಸಲಿ) ಸರ್ವರಿನ ಡೇಟಾ ಡೈರೆಕ್ಟರೀನೇ ಡಿಲೀಟ್ ಮಾಡ್ಬಿಟ್ರು, ಸುಮಾರು 300 ಜಿಬಿ. ಬ್ಯಾಕಪ್ ಹುಡುಕಿದ್ರೆ ಪಿಜಿ ಡಂಪ್ ಅನ್ನೋ ಬ್ಯಾಕಪ್ ಟೂಲ್ ವರ್ಷನ್ ಹೊಂದ್ದೆ ದಿನಾ ಫೇಲ್ ಆಗ್ತಿತ್ತು, ಯಾರಿಗೂ ಗೊತ್ತೇ ಇರ್ಲಿಲ್ಲ. ಅದೃಷ್ಟಕ್ಕೆ ಒಬ್ರು ಸುಮಾರು 6 ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟ ಸ್ನ್ಯಾಪ್‌ಶಾಟ್ ಸಿಕ್ತು, ಆ 6 ಗಂಟೆ ಡೇಟಾ ಹೋಗಿದ್ದು ಹೋಯ್ತು. ರಿಕವರಿ ಕೆಲಸಾನ ಯೂಟ್ಯೂಬಲ್ಲಿ ಲೈವ್ ಬಿಟ್ರು, ಏನಾಯ್ತು ಅಂತ ಪೂರ್ತಿ ವರದೀನೂ ಬಹಿರಂಗವಾಗಿ ಹಾಕಿದ್ರು. ಇದನ್ನ ಹೇಳಿ, ಆಮೇಲೆ ಕ್ಯಾಮೆರಾ ಮುಂದೇನೇ ನಿಮ್ ಸ್ವಂತ ಡೇಟಾಬೇಸ್ ಡ್ರಾಪ್ ಮಾಡಿ ವಾಪಸ್ ತನ್ನಿ. ರಿಸ್ಟೋರ್ ತೋರಿಸ್ದೆ ಬ್ಯಾಕಪ್ ಮಾತ್ರ ಹೇಳೋ ವಿಡಿಯೋ ಅರ್ಧ ವಿಡಿಯೋ.

ಈಗ ಇಂಗ್ಲಿಷ್ ವಿಷ್ಯ. ಇಂಗ್ಲಿಷಲ್ಲಿ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಆಂಡಿ ಪಾವ್ಲೊ ಅವರ ಡೇಟಾಬೇಸ್ ಕೋರ್ಸ್ ಯೂಟ್ಯೂಬಲ್ಲಿ ಫ್ರೀ ಇದೆ, ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣದಲ್ಲಿ ಐಐಟಿ ಪಾಠಗಳಿವೆ. ಅಲ್ಲಿ ಹೋಗಿ ನಿಂತ್ಕೊಂಡ್ರೆ ನಿಮ್ಮನ್ನ ಯಾರು ಹುಡುಕ್ತಾರೆ? ಕನ್ನಡದಲ್ಲೇ ಇರಿ, ಲಾಕ್, ಇಂಡೆಕ್ಸ್, ಪ್ಲ್ಯಾನ್ ಹಾಗೇ ಇಂಗ್ಲಿಷ್ ಪದದಲ್ಲೇ ಇರ್ಲಿ, ಯಾಕಂದ್ರೆ ಎರರ್ ಮೆಸೇಜ್ ಬರೋದೂ ಇಂಟರ್‌ವ್ಯೂ ಕೇಳೋದೂ ಅದ್ರಲ್ಲೇ, ಕಾರಣ ಮಾತ್ರ ಕನ್ನಡದಲ್ಲಿ ಬಿಡಿಸಿ ಹೇಳಿ. ಅಷ್ಟೇ ಅಲ್ಲ, ನೀವು ಮಾತ್ರ ಹೇಳ್ಕೊಡ್ಬಹುದಾದ ವಿಷ್ಯ ಒಂದಿದೆ, ಡೇಟಾನೇ ಕನ್ನಡದಲ್ಲಿದ್ರೆ ಏನಾಗತ್ತೆ ಅನ್ನೋದು. ಅಕ್ಷರಗಳನ್ನ ಕಂಪ್ಯೂಟರಲ್ಲಿ ಇಡೋ ಯುಟಿಎಫ್-8 ಪದ್ಧತೀಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ಮೂಲಾಕ್ಷರ, ಗುಣಿತದ ಚಿಹ್ನೆ, ಒತ್ತಿನ ಗುರುತು ಎಲ್ಲಾ ಬೇರೆ ಬೇರೆ ಲೆಕ್ಕ) 3 ಬೈಟ್. 'ಕೃಷ್ಣಮೂರ್ತಿ' ನೋಡೋಕೆ ನಾಲ್ಕೇ ಅಕ್ಷರ, ಒಳಗೆ 11 ಕೋಡ್ ಪಾಯಿಂಟ್, 33 ಬೈಟ್. ಒರಾಕಲ್ ಡೇಟಾಬೇಸಲ್ಲಿ ಹೆಸರಿನ ಕಾಲಂಗೆ ವರ್‌ಚಾರ್2 (ಪಠ್ಯ ಇಡೋ ಟೈಪ್) ಅಂತ 30 ಕೊಟ್ರೆ ಡೀಫಾಲ್ಟಾಗಿ ಅದು 30 ಬೈಟು, ಕೃಷ್ಣಮೂರ್ತಿ ಒಳಗೆ ಹೋಗಲ್ಲ, ಎರರ್ ಬರತ್ತೆ. ಪೋಸ್ಟ್‌ಗ್ರೆಸ್ಸಲ್ಲಿ 30 ಅಂದ್ರೆ 30 ಕ್ಯಾರೆಕ್ಟರು, ಆರಾಮಾಗಿ ಹೋಗತ್ತೆ. ಕನ್ನಡ ಹೆಸರುಗಳನ್ನ ಅಕಾರಾದಿಯಾಗಿ ಸಾರ್ಟ್ ಮಾಡೋ ಕೊಲೇಶನ್ ಇನ್ನೊಂದು ಪೂರ್ತಿ ವಿಡಿಯೋ ಆಗತ್ತೆ. ಸರ್ಕಾರಿ ಪ್ರಾಜೆಕ್ಟಲ್ಲಿ ಕೆಲಸ ಮಾಡೋ ನಮ್ ಹುಡುಗರು ಇಂಥದ್ರಲ್ಲೇ ಒದ್ದಾಡ್ತಿರ್ತಾರೆ.

ಡಿಸೈನ್ ಪಾಠಕ್ಕೂ ಲೈಬ್ರರಿ, ಹಾಸ್ಟೆಲ್ ಉದಾಹರಣೆ ಬಿಟ್ಟು ಪಹಣಿ ತಗೊಳ್ಳಿ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದ್ವು. ಒಂದು ಸರ್ವೆ ನಂಬರು, ಅದಕ್ಕೆ ಹಿಸ್ಸಾಗಳು, ಒಂದು ಹಿಸ್ಸಾಕ್ಕೆ ಅಣ್ಣತಮ್ಮಂದಿರ ಜಂಟಿ ಖಾತೆ, ಒಬ್ಬನಿಗೆ ಮೂರೂರಲ್ಲಿ ಜಮೀನು, ಮೇಲೆ ಮ್ಯುಟೇಶನ್ (ಮಾಲೀಕರ ಬದಲಾವಣೆ) ಆದ್ರೂ ಹಳೇ ಮಾಲೀಕನ ಹೆಸರೂ ಅಳಿಸೋ ಹಾಗಿಲ್ಲ. ದಾವಣಗೆರೆ ಹುಡುಗನಿಗೆ ಇದು ಮನೇಲಿ ಕೇಳಿರೋ ವಿಷ್ಯಾನೇ, ಮೆನಿ ಟು ಮೆನಿ ಯಾಕೆ ಬೇಕು ಅಂತ ಬೇರೆ ಹೇಳ್ಬೇಕಾಗಲ್ಲ.

ಹಾಂ, ಫಾಂಟ್ ದೊಡ್ಡದು ಮಾಡಿ ಸರ್. ಮೊಬೈಲಲ್ಲಿ ನೋಡೋರಿಗೆ ಕ್ವೆರಿ ಪ್ಲ್ಯಾನ್ ಇರುವೆ ಸಾಲಿನ ಹಾಗೆ ಕಾಣ್ಬಾರ್ದು.

ಪ್ರಶ್ನೆ: ಅಕ್ಕ, ನಾನು ಬೆಂಗಳೂರಲ್ಲಿ ಡಿಬಿಎ. ಸಂಜೆ ಹೊತ್ತು ಆನ್‌ಲೈನಲ್ಲಿ ಪರ್ಫಾರ್ಮೆನ್ಸ್ ಟ್ಯೂನಿಂಗ್ ಕ್ಲಾಸ್ ಮಾಡೋಣ ಅಂತಿದೀನಿ. ನಿಜವಾದ ಉದಾಹರಣೆ ಬೇಕಲ್ವಾ, ಆಫೀಸಿನ ಸ್ಲೋ ಕ್ವೆರಿಗಳನ್ನೇ ಹೆಸರು ಬದಲಾಯಿಸಿ ತೋರಿಸ್ಬಹುದಾ?

ಉತ್ತರ: ಬೇಡ ತಮ್ಮಾ. ಟೇಬಲ್ ಹೆಸರು ಬದಲಾಯಿಸಿದ್ರೂ ಕಾಲಮ್‌ಗಳು, ರೋ ಲೆಕ್ಕ ನೋಡಿದ್ರೆ ಒಳಗಿನೋರಿಗೆ ತಕ್ಷಣ ಗೊತ್ತಾಗತ್ತೆ, ಕೆಲಸಕ್ಕೇ ಕುತ್ತು. ಮೈಎಸ್‌ಕ್ಯೂಎಲ್ಲಿಗೆ ಸಕೀಲಾ, ಪೋಸ್ಟ್‌ಗ್ರೆಸ್ಸಿಗೆ ಪಗೀಲಾ ಅಂತ ಸ್ಯಾಂಪಲ್ ಡೇಟಾಬೇಸ್ ಇವೆ, ಅವು ಚಿಕ್ಕವು, ಲೋಡ್ ಬೇಕಂದ್ರೆ ಪೋಸ್ಟ್‌ಗ್ರೆಸ್ ಜೊತೆಗೇ ಬರೋ ಪಿಜಿಬೆಂಚ್ ಅನ್ನೋ ಟೂಲ್ ಇದೆ. ಆಫೀಸಲ್ಲಿ ಕಂಡ ತೊಂದರೆಯ ಸ್ವರೂಪ ಮಾತ್ರ ತಲೇಲಿ ಇಟ್ಕೊಂಡು ಇವುಗಳ ಮೇಲೆ ಹೊಸದಾಗಿ ಕಟ್ಟು. ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಓದು, ಅನುಮತೀನ ಎಚ್‌ಆರ್ ಹತ್ರ ಇಮೇಲಲ್ಲೇ ತಗೋ.

ಪ್ರಶ್ನೆ: ಅಡ್ವಾನ್ಸ್ಡ್ ವಿಡಿಯೋಗೆ ವ್ಯೂಸೇ ಕಮ್ಮಿ ಅಂದ್ರೆ ದುಡ್ಡು ಹೇಗೆ ಬರತ್ತೆ? ಕೋರ್ಸ್ ಮಾರಿದ್ರೆ ಜಿಎಸ್‌ಟಿ ಬೀಳತ್ತಾ?

ಉತ್ತರ: ಜಾಹೀರಾತು ನಂಬ್ಕೋಬೇಡಿ. ಅದಕ್ಕೆ 1000 ಸಬ್‌ಸ್ಕ್ರೈಬರ್ಸ್ ಜೊತೆ ಒಂದು ವರ್ಷದಲ್ಲಿ 4000 ಗಂಟೆ ವಾಚ್ ಟೈಮ್, ಇಲ್ಲಾಂದ್ರೆ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಬೇಕು, ಡೇಟಾಬೇಸ್ ಪಾಠಕ್ಕೆ ಎರಡನೇದು ಮರೆತ್ಬಿಡಿ. ವಿಡಿಯೋ ಎಲ್ಲ ಫ್ರೀ ಬಿಡಿ, ವೀಕೆಂಡ್ ಲೈವ್ ಬ್ಯಾಚಿಗೆ ಮಾತ್ರ ಫೀಸ್ ತಗೊಳ್ಳಿ, ಜನ ದುಡ್ಡು ಕೊಡೋದು ತಮ್ಮ ಕ್ವೆರಿಯನ್ನ ಯಾರಾದ್ರೂ ಕೂತು ನೋಡ್ಲಿ ಅಂತ. ಬ್ಯಾಚ್ ಚಿಕ್ಕದಿರ್ಲಿ. ಜಿಎಸ್‌ಟಿ ರಿಜಿಸ್ಟ್ರೇಶನ್ನು ಸರ್ವೀಸ್‌ಗೆ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಬೇಕಾಗತ್ತೆ, ಹತ್ರ ಬರ್ತಿದೆ ಅನ್ಸಿದಾಗ್ಲೇ ಒಬ್ರು ಸಿಎ ನೋಡಿ. ಇನ್‌ಕಮ್ ಟ್ಯಾಕ್ಸಲ್ಲಿ ಮಾತ್ರ ಈ ಆದಾಯ ಮೊದಲ ರೂಪಾಯಿಂದ್ಲೇ ತೋರಿಸ್ಬೇಕು, ಸಂಬಳದ ಜೊತೆಗೆ.